ತಂತ್ರಾಂಶದ ಕಚೇರಿಯಲ್ಲಿ ಎಲ್ಲರಿಗೂ ಸಲ್ಲುವ ಮಾತು

2003ರ ನವೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಆಡಳಿತವು, ನೌಕರವರ್ಗದಿಂದ ಬಂದ ಒಂದು ದೂರನ್ನು ಪರಿಶೀಲಿಸಿದ ಮೇಲೆ, ತನಗೆ ಯಂತ್ರೋಪಕರಣಗಳನ್ನು ಒದಗಿಸುವ ವರ್ತಕರಿಗೆಲ್ಲ ಪತ್ರ ಬರೆದು, ಉಪಕರಣಗಳ ಮೇಲೆ ‘ಮಾಸ್ಟರ್’, ‘ಸ್ಲೇವ್’ ಎಂಬ ಚೀಟಿಗಳನ್ನು ಅಂಟಿಸದಿರುವಂತೆ ಕೇಳಿಕೊಂಡಿತು. ಒಡೆಯ ಮತ್ತು ಗುಲಾಮ ಎಂಬ ಆ ಜೋಡಿಪದವು ಎಂಜಿನಿಯರುಗಳ ನಾಲಗೆಯಲ್ಲಿ ಅಷ್ಟು ಹೊತ್ತಿಗೆ ಎಷ್ಟು ಪಳಗಿಹೋಗಿತ್ತೆಂದರೆ, ಆ ಪತ್ರವು ಬಹುಮಂದಿಗೆ ವಿನೋದದ ವಸ್ತುವಾಯಿತೇ ಹೊರತು ವಿಚಾರದ ವಸ್ತುವಾಗಲಿಲ್ಲ. ಗುಲಾಮಗಿರಿಯು ಒಂದು ಕಾಲಕ್ಕೆ ಕಾನೂನುಬದ್ಧವಾಗಿದ್ದ ದೇಶದಲ್ಲಿ, ಗುಲಾಮರ ಸಂತತಿಯವರೂ ಕುಳಿತು ದುಡಿಯುವ ಕಚೇರಿಯಲ್ಲಿ, ಆ ಚೀಟಿಯನ್ನು ದಿನನಿತ್ಯ ಓದುವವರ ಮನಸ್ಸು ಏನಾದೀತೆಂದು ಕೇಳಿದವರು ವಿರಳ. 2014ರಲ್ಲಿ ಜಾಂಗೋ ಮತ್ತು ಡ್ರೂಪಲ್ ಎಂಬ ತಂತ್ರಾಂಶಗಳ ನಿರ್ಮಾಪಕರು ಆ ಪದಗಳನ್ನು ಕೈಬಿಟ್ಟರು; 2018ರಲ್ಲಿ ಪೈಥಾನ್ ಮತ್ತು ರೆಡಿಸ್ ಅದೇ ದಾರಿಯನ್ನು ಹಿಡಿದವು. ಆದರೆ 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಎಂಬಾತನು ಪ್ರಾಣಬಿಟ್ಟ ತರುವಾಯವೇ ಇಡೀ ಉದ್ಯಮವು ತನ್ನ ನಿಘಂಟಿನ ಕಡೆಗೆ ತಿರುಗಿ ನೋಡಿತು. ಆ ಜುಲೈನಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಅದರ ಕರ್ನಲ್ಲಿನ ಬರಹನಿಯಮಕ್ಕೆ ಈ ಪದಗಳನ್ನು ತೊರೆಯುವ ತಿದ್ದುಪಡಿಯನ್ನು ಒಪ್ಪಿಕೊಂಡರು. ಅಕ್ಟೋಬರ್ 1ರಿಂದ, ಕೋಡನ್ನು ಕಾಪಿಡುವ ತಾಣವಾದ ಗಿಟ್‌ಹಬ್ಬಿನಲ್ಲಿ ಹೊಸದಾಗಿ ತೆರೆದ ಪ್ರತಿಯೊಂದು ಭಂಡಾರದ ಮೂಲಶಾಖೆಗೆ ತಾನಾಗಿ ಬೀಳುವ ಹೆಸರು ‘ಮಾಸ್ಟರ್’ ಹೋಗಿ ‘ಮೇನ್’ ಎಂದಾಯಿತು.

ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ಈ ಪರಿವರ್ತನೆಯು ವಿಚಾರವಾಗಿ ಬರಲಿಲ್ಲ, ಟಿಕೆಟ್ಟಾಗಿ ಬಂದಿತು. ಸಾಗರದಾಚೆಯ ಮುಖ್ಯ ಕಚೇರಿಯಿಂದ ಪದಗಳ ಪಟ್ಟಿಯೊಂದು ಇಳಿದು, ಇಂಥಿಂಥವನ್ನು ಇಂಥ ತಾರೀಖಿನೊಳಗೆ ಬದಲಿಸತಕ್ಕದ್ದೆಂಬ ಅಪ್ಪಣೆಯಾಗಿ, ಇಲ್ಲಿಯ ತರುಣ ಎಂಜಿನಿಯರುಗಳು ಅದನ್ನು ಎರಡು ಸ್ಪ್ರಿಂಟುಗಳಲ್ಲಿ ಮುಗಿಸಿ ಟಿಕೆಟ್ಟನ್ನು ಮುಚ್ಚಿದರು. ಆ ಕೆಲಸ ಮಾಡತಕ್ಕದ್ದೇ ಆಗಿತ್ತು. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ದೂರದ ಸಮಾಜವೊಂದರ ಗಾಯಕ್ಕೆ ಸಿದ್ಧಪಡಿಸಿದ ಪಟ್ಟಿಯನ್ನು ಇಲ್ಲಿಯ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಇಲ್ಲಿಯವರ ಮಾತು ಶುದ್ಧವಾಯಿತೆಂದು ಭಾವಿಸುವುದು ಭ್ರಮೆ. ಬೆಂಗಳೂರಿನ ಕಚೇರಿಯಲ್ಲಿ ಮಾತಿನಿಂದ ಯಾರು ಹೊರಗುಳಿಯುತ್ತಾರೆ, ಹೇಗೆ ಹೊರಗುಳಿಯುತ್ತಾರೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತೇ ಕಂಡುಕೊಳ್ಳಬೇಕು. ಈ ಲೇಖನವು ಅಂಥ ಶೋಧನೆಗೆ ಹೊರಟವರ ಉಪಯೋಗಕ್ಕಾಗಿ.

ಮೊದಲು, ಸುಲಭವಾದ ಕಾರಣ, ಸಂಕೇತಲಿಪಿಯ ಮಾತು. ಕೋಡಿನಲ್ಲಿ ಹೆಸರಿಡುವಾಗ ಒಂದೇ ಸೂತ್ರವನ್ನು ನೆನಪಿನಲ್ಲಿಟ್ಟರೆ ಸಾಕು: ವಸ್ತುವು ಏನು ಮಾಡುತ್ತದೆಯೋ ಅದನ್ನು ಹೇಳುವ ಹೆಸರೇ ಉತ್ತಮವಾದ ಹೆಸರು. ‘ಬ್ಲ್ಯಾಕ್‌ಲಿಸ್ಟ್’ ಎಂದರೆ ತಡೆಯತಕ್ಕವರ ಪಟ್ಟಿ, ‘ವೈಟ್‌ಲಿಸ್ಟ್’ ಎಂದರೆ ಬಿಡತಕ್ಕವರ ಪಟ್ಟಿ ಎಂದು ಹೊಸಬರಿಗೆ ಯಾರಾದರೂ ಹೇಳಿಕೊಡಬೇಕು. ‘ಬ್ಲಾಕ್‌ಲಿಸ್ಟ್’, ‘ಅಲೋಲಿಸ್ಟ್’ ಎಂಬುವು ತಮ್ಮ ಅರ್ಥವನ್ನು ತಾವೇ ಹೇಳಿಕೊಳ್ಳುತ್ತವೆ. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರವು 2020ರಲ್ಲಿ ಕಪ್ಪು–ಬಿಳುಪಿನ ಈ ಪದಗಳನ್ನು ತೊರೆದಾಗ ವರ್ಣಭಾವನೆಯ ಜೊತೆಗೆ ಈ ಸ್ಪಷ್ಟತೆಯನ್ನೂ ಕಾರಣವಾಗಿ ಕೊಟ್ಟಿತು. ‘ಮಾಸ್ಟರ್–ಸ್ಲೇವ್’ ವಿಷಯದಲ್ಲಂತೂ ಹಳೆಯ ಪದಗಳು ಮೈಗಳ್ಳತನದ ಪದಗಳೆಂದೇ ನನ್ನ ಅಭಿಪ್ರಾಯ. ದತ್ತಸಂಚಯದ ಮೂಲ ಮತ್ತು ಅದರ ಪಡಿಯಚ್ಚು, ತಂತಿಯ ಮೇಲೆ ಸಂವಾದವನ್ನು ಆರಂಭಿಸುವ ಬಿಲ್ಲೆ ಮತ್ತು ಅದಕ್ಕೆ ಉತ್ತರಿಸುವ ಬಿಲ್ಲೆ, ಕೆಲಸವನ್ನು ಹಂಚುವ ಯಂತ್ರ ಮತ್ತು ಅದನ್ನು ನಡೆಸುವ ಯಂತ್ರ, ಈ ಮೂರೂ ಪರಸ್ಪರ ಭಿನ್ನವಾದ ಸಂಬಂಧಗಳು. ಆದರೂ ಮೂರಕ್ಕೂ ಒಂದೇ ಹೆಸರನ್ನು ಹೊದಿಸಿ ದಶಕಗಳ ಕಾಲ ಸಾಗಿಸಿದೆವು. ಈಗ ಮೊದಲನೆಯದಕ್ಕೆ ‘ಪ್ರೈಮರಿ’, ‘ರೆಪ್ಲಿಕಾ’ ಎಂಬ ಹೆಸರುಗಳಿವೆ. ಎರಡನೆಯದಕ್ಕೆ, ಐ–ಸ್ಕ್ವೇರ್ಡ್–ಸಿ ಎಂಬ ಸಂಪರ್ಕ ವ್ಯವಸ್ಥೆಯ ನಿರೂಪಣೆಯನ್ನು ಎನ್‌ಎಕ್ಸ್‌ಪಿ ಸಂಸ್ಥೆಯು 2021ರಲ್ಲಿ ಪರಿಷ್ಕರಿಸಿದಾಗ, ‘ಕಂಟ್ರೋಲರ್’, ‘ಟಾರ್ಗೆಟ್’ ಎಂಬ ಹೆಸರುಗಳು ಬಂದವು. ಮೂರನೆಯದಕ್ಕೆ, ಬಿಲ್ಡುಗಳನ್ನು ನಡೆಸುವ ಜೆಂಕಿನ್ಸ್ ಎಂಬ ತಂತ್ರಾಂಶವು 2016ರಲ್ಲಿಯೇ ತನ್ನ ದುಡಿಯುವ ಯಂತ್ರಗಳನ್ನು ‘ಏಜೆಂಟ್’ ಎಂದು ಕರೆಯಲಾರಂಭಿಸಿತು. ಆದುದರಿಂದ ಹಳೆಯ ಪದವನ್ನು ಅಳಿಸುವವನು ಯಾಂತ್ರಿಕವಾಗಿ ಒಂದರ ಬದಲಿಗೆ ಇನ್ನೊಂದನ್ನು ತುಂಬದೆ, ಇಲ್ಲಿರುವ ಸಂಬಂಧ ಯಾವುದೆಂದು ಒಂದು ನಿಮಿಷ ಯೋಚಿಸುವುದು ವಿಹಿತ.

ಮೂಲಶಾಖೆಯ ಹೆಸರನ್ನು ಬದಲಿಸುವುದು ನೋಡಲಿಕ್ಕೆ ಒಂದು ಗುಂಡಿಯನ್ನು ಒತ್ತುವಷ್ಟೇ ಕೆಲಸ. ಗಿಟ್‌ಹಬ್ಬಿನ ಸೆಟ್ಟಿಂಗ್ಸ್ ಪುಟದಲ್ಲಿ ಹೆಸರನ್ನು ಬದಲಿಸಿದೊಡನೆ ತೆರೆದಿರುವ ಪುಲ್ ರಿಕ್ವೆಸ್ಟುಗಳು ಹೊಸ ಶಾಖೆಯ ಕಡೆಗೆ ತಾವಾಗಿಯೇ ತಿರುಗಿಕೊಳ್ಳುತ್ತವೆ, ಹಳೆಯ ಕೊಂಡಿಗಳನ್ನು ಹಿಡಿದು ಬಂದವರು ಹೊಸ ವಿಳಾಸಕ್ಕೆ ತಲುಪುತ್ತಾರೆ. ತಿರುಗಿಕೊಳ್ಳದೆ ಉಳಿಯುವುದು ಬಿಲ್ಡ್ ವ್ಯವಸ್ಥೆಯ ಯಾಮಲ್ ಕಡತಗಳಲ್ಲಿಯೂ ಡಿಪ್ಲಾಯ್‌ಮೆಂಟಿನ ಸ್ಕ್ರಿಪ್ಟುಗಳಲ್ಲಿಯೂ ಯಾವನೋ ನೌಕರಿ ಬಿಟ್ಟುಹೋದವನು ಬರೆದಿಟ್ಟ ರಾತ್ರಿಯ ಕ್ರಾನ್ ಕೆಲಸದಲ್ಲಿಯೂ ಅಡಗಿರುವ ಹಳೆಯ ಹೆಸರು. ಅದನ್ನು ನೆಚ್ಚಿದ ಕೆಲಸಗಳು ಶಬ್ದಮಾಡದೆ ನಿಂತುಹೋಗುತ್ತವೆ, ಬಿಲ್ಡ್ ಓಡಲಿಲ್ಲವೆಂಬುದು ಮರುದಿನ ಮಧ್ಯಾಹ್ನದವರೆಗೂ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಇಡೀ ಭಂಡಾರದಲ್ಲಿ ಆ ಪದವನ್ನು ಗ್ರೆಪ್ ಮಾಡಿ ಹುಡುಕಿ, ಸಿಕ್ಕ ಕಡತಗಳನ್ನೆಲ್ಲ ಎರಡು ಹೆಸರಿಗೂ ಓಗೊಡುವಂತೆ ತಿದ್ದಿ, ಆಮೇಲೆ ಶಾಖೆಯ ಹೆಸರನ್ನು ಬದಲಿಸಿ, ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿರುವ ಪ್ರತಿಯನ್ನು ಸರಿಪಡಿಸಿಕೊಂಡ ತರುವಾಯ ಹಳೆಯ ಹೆಸರಿನ ಕುರುಹನ್ನು ಅಳಿಸುವುದು ಕ್ರಮ. ಶುಕ್ರವಾರ ಸಂಜೆ ಇದಕ್ಕೆ ಕೈಹಾಕಬಾರದೆಂಬುದನ್ನು ಅನುಭವಸ್ಥರಿಗೆ ಹೇಳಬೇಕಾಗಿಲ್ಲ.

ಹೊರಗಿನವರು ನೆಚ್ಚಿಕೊಂಡಿರುವ ಹೆಸರುಗಳ ವಿಷಯದಲ್ಲಿ ಮಾತ್ರ ತಾಳ್ಮೆ ಅವಶ್ಯ. ಲಿನಕ್ಸಿನ ನಿಯಮವೇ ಹೊಸ ಬರವಣಿಗೆಗೆ ಹೊಸ ಪದವನ್ನು ವಿಧಿಸಿ, ಈಗಾಗಲೇ ಬಳಕೆದಾರರ ತಂತ್ರಾಂಶಗಳು ಅವಲಂಬಿಸಿರುವ ಹಳೆಯ ಸಂಪರ್ಕಮುಖಗಳಿಗೆ ವಿನಾಯಿತಿಯನ್ನು ಕೊಟ್ಟಿದೆ. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶವು 2020ರಿಂದ ಹೊಸ ಆಜ್ಞೆಗಳನ್ನು ಹಳೆಯವುಗಳ ಪಕ್ಕದಲ್ಲಿ ನಿಲ್ಲಿಸಿ, ಹಳೆಯದನ್ನು ಬಳಸಿದವರಿಗೆ ಎಚ್ಚರಿಕೆಯ ಮಾತನ್ನು ತೋರಿಸುತ್ತ ಬಂದು, 2024ರ 8.4ನೆಯ ಆವೃತ್ತಿಯಲ್ಲಿ ಹಳೆಯವನ್ನು ತೆಗೆದುಹಾಕಿತು. ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಬದಲಿಸಿ ಗ್ರಾಹಕರ ಕೆಲಸ ಕೆಡಿಸಿದ ಸುಧಾರಣೆಯು ತನಗೆ ತಾನೇ ಶತ್ರುಗಳನ್ನು ಸಂಪಾದಿಸಿಕೊಳ್ಳುತ್ತದೆ.

ಇಂಥ ಪದಗಳನ್ನು ಹುಡುಕಲು ಆಲೆಕ್ಸ್, ವೋಕ್, ವೇಲ್ ಎಂಬ ಹೆಸರಿನ ಪರೀಕ್ಷಕ ತಂತ್ರಾಂಶಗಳಿವೆ. ಬರಹದಲ್ಲಿ ಆಕ್ಷೇಪಾರ್ಹ ಪದ ಕಂಡೊಡನೆ ಗೆರೆ ಎಳೆದು ತೋರಿಸುತ್ತವೆ. ಅವುಗಳನ್ನು ಸೂಚಕವಾಗಿ ಇಟ್ಟುಕೊಳ್ಳಬೇಕೇ ವಿನಾ ದ್ವಾರಪಾಲಕನಾಗಿ ಅಲ್ಲ. ಯಂತ್ರವು ಪದವನ್ನು ಬಲ್ಲುದು, ಸಂದರ್ಭವನ್ನು ಅರಿಯದು. ಅಲ್ಲದೆ ಅವು ನೆಚ್ಚುವ ಪದಪಟ್ಟಿಗಳು ತಾವು ಹುಟ್ಟಿದ ನೆಲದ ನೋವನ್ನೇ ಬಹುಮಟ್ಟಿಗೆ ಅರಿತಿರುವಂಥವು. ‘ಗ್ರ್ಯಾಂಡ್‌ಫಾದರ್ಡ್’ ಎಂಬ ಪದವನ್ನು ನಾವು ಹಳೆಯ ಗ್ರಾಹಕರಿಗೆ ಹಳೆಯ ದರವೇ ಮುಂದುವರಿಯುವುದೆಂಬ ಅರ್ಥದಲ್ಲಿ ನಿರಾತಂಕವಾಗಿ ಬಳಸುತ್ತೇವೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರ ಮತದಾನವನ್ನು ತಪ್ಪಿಸಲಿಕ್ಕಾಗಿ, ಅಜ್ಜನಿಗೆ ಮತವಿದ್ದವನಿಗೆ ಪರೀಕ್ಷೆಯಿಂದ ವಿನಾಯಿತಿ ಎಂದು ಹೂಡಿದ ಕಾನೂನುಗಳಿಂದ ಅದು ಬಂತೆಂದು ಪಟ್ಟಿಯು ನಮಗೆ ತಿಳಿಸುತ್ತದೆ. ಒಳ್ಳೆಯದೇ. ಆದರೆ ಬಹಿಷ್ಕೃತ ಎಂಬ ಅರ್ಥದಲ್ಲಿ ಇಂಗ್ಲಿಷಿನವರು ಲೀಲಾಜಾಲವಾಗಿ ಬರೆಯುವ ‘ಪರಾಯ’ ಎಂಬ ಪದವು ತಮಿಳುನಾಡಿನ ಪರೈಯರ್ ಎಂಬ ದಲಿತ ಸಮುದಾಯದ ಹೆಸರೇ ಆಗಿದ್ದು, ಆ ಸಮುದಾಯದ ಸಹೋದ್ಯೋಗಿಯೊಬ್ಬರು ನಿಮ್ಮ ತಂಡದಲ್ಲಿ ಇದ್ದಾರೆಂಬುದು ಸಂಭಾವ್ಯವೇ ಆಗಿರುವುದರಿಂದ, ಕೆಟ್ಟುನಿಂತ ಸರ್ವರ್ ಒಂದಕ್ಕೆ ಆ ಹೆಸರನ್ನಿಡುವ ಮುನ್ನ ಇಲ್ಲಿಯವರು ತಾವೇ ಯೋಚಿಸಬೇಕಾಗುತ್ತದೆ. ‘ನಾವೆಲ್ಲ ಐಟಿ ಕೂಲಿಗಳು’ ಎಂದು ಹವಾನಿಯಂತ್ರಿತ ಕೊಠಡಿಯಲ್ಲಿ ನಗೆಯಾಡುವವರು, ಅದೇ ಕೊಠಡಿಯ ನೆಲವನ್ನು ಒರೆಸುತ್ತಿರುವವರ ಕಿವಿಗೆ ಆ ಮಾತು ಹೇಗೆ ಬೀಳುವುದೆಂದು ನೆನೆಯುವುದು ಅಪರೂಪ.

ಇನ್ನು ಹೆಸರುಗಳ ವಿಷಯ. ತಂತ್ರಾಂಶದವರು ಜಗತ್ತಿನ ಮನುಷ್ಯರಿಗೆಲ್ಲ ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎಂಬ ಎರಡು ಅಂಕಣಗಳನ್ನು ಹೊಲಿದು ತೊಡಿಸಿದ್ದಾರೆ. ಹಾಸನದ ಕಡೆಯ ಕೆ.ಎಸ್. ಮಂಜುಳಾ ಎಂಬಾಕೆ ಕೆಲಸಕ್ಕೆ ಸೇರುವ ದಿನ ಆ ನಮೂನೆಯ ಮುಂದೆ ಕುಳಿತರೆನ್ನೋಣ. ಆಕೆಯ ಹೆಸರು ಮಂಜುಳಾ. ‘ಕೆ’ ಎಂಬುದು ಊರು, ‘ಎಸ್’ ಎಂಬುದು ತಂದೆ. ಲಾಸ್ಟ್ ನೇಮ್ ಕಡ್ಡಾಯವೆಂದು ಕೆಂಪು ಅಕ್ಷರ ಹೇಳುತ್ತದೆ. ‘ಎಸ್’ ಎಂದು ತುಂಬಿದರೆ ಕನಿಷ್ಠ ಎರಡಕ್ಷರ ಬೇಕೆನ್ನುತ್ತದೆ. ಚುಕ್ಕೆಯನ್ನು ಇಟ್ಟರೆ ಅಕ್ಷರವಲ್ಲದ್ದು ಸಲ್ಲದೆನ್ನುತ್ತದೆ. ಕೊನೆಗೆ ತಂದೆಯ ಹೆಸರನ್ನು ಪೂರ್ತಿಯಾಗಿ ಬರೆದ ಫಲವಾಗಿ, ನಾಳೆಯಿಂದ ನ್ಯೂಜೆರ್ಸಿಯ ಮೇನೇಜರು ಆಕೆಯನ್ನು ‘ಶ್ರೀನಿವಾಸ್’ ಎಂದು ಸಂಬೋಧಿಸತೊಡಗುತ್ತಾನೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದ ಮೇಲೆ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲವೆಂಬ ಮೂರಕ್ಷರ ಬೀಳುವುದುಂಟು, ಆ ಮೂರಕ್ಷರವೇ ಮುಂದೆ ಕಚೇರಿಯ ನಾಮಾವಳಿಯಲ್ಲಿ ಹೆಸರಾಗಿ ಕುಳಿತುಬಿಡುವುದೂ ಉಂಟು. ಈ ನಮೂನೆಗಳನ್ನು ಬರೆಯುವವರಲ್ಲಿ ದೊಡ್ಡ ಪಾಲು ನಮ್ಮವರೇ ಆಗಿರುವುದರಿಂದ ಪರಿಹಾರವೂ ನಮ್ಮ ಕೈಯಲ್ಲಿದೆ. ಪೂರ್ಣ ಹೆಸರಿಗೆ ಒಂದು ಅಂಕಣ, ‘ನಿಮ್ಮನ್ನು ಹೇಗೆ ಕರೆಯಬೇಕು’ ಎಂಬುದಕ್ಕೆ ಇನ್ನೊಂದು; ಕನಿಷ್ಠ ಅಕ್ಷರಗಳ ನಿರ್ಬಂಧ ಬೇಡ; ಕಾನೂನಿನ ದಾಖಲೆಗೆ ಬೇಕಾದ ಹೆಸರನ್ನು ಸಂಬಳದ ವಿಭಾಗಕ್ಕೆ ಮಾತ್ರ ಕಾಣಿಸುವಂತೆ ಬೇರೆಯಾಗಿಟ್ಟರಾಯಿತು.

ಹೆಸರಿನ ಬೆನ್ನಿಗೇ ಇನ್ನೊಂದು ವಿಚಾರ ಬರುತ್ತದೆ, ಅದನ್ನು ಹೇಳದೆ ಮುಂದುವರಿಯುವುದು ಪ್ರಾಮಾಣಿಕವಾಗದು. ‘ಪೂರ್ತಿ ಹೆಸರೇನು?’, ‘ಮನೆತನದ ಹೆಸರಿಲ್ಲವೆ?’, ‘ಮೈಸೂರಿನಲ್ಲಿ ಯಾವ ಬೀದಿ?’, ‘ನೀವು ವೆಜ್ಜಾ?’ ಎಂಬ ಪ್ರಶ್ನೆಗಳು ಒಂದೊಂದಾಗಿ ನೋಡಿದರೆ ಸ್ನೇಹದ ಪ್ರಶ್ನೆಗಳು. ಸಾಲಾಗಿ ಬಂದರೆ, ಕೇಳುವವನಿಗೆ ಬೇಕಾದದ್ದು ಹೆಸರಲ್ಲ, ಜಾತಿ ಎಂಬುದು ಉತ್ತರಿಸುವವರಿಗೆ ತತ್‌ಕ್ಷಣ ಅರ್ಥವಾಗುತ್ತದೆ. ಕ್ಯಾಂಟೀನಿನ ಮೇಜಿನಲ್ಲಿ ‘ನಮ್ಮಲ್ಲಿ ಹೀಗೆ ಮಾಡುತ್ತಾರೆ, ನಿಮ್ಮಲ್ಲಿ ಹೇಗೆ?’ ಎಂಬ ಮಾತು, ಕೋಟಾದಿಂದ ಬಂದವರು ಮೆರಿಟ್ಟಿನಿಂದ ಬಂದವರು ಎಂಬ ವಿಭಾಗ, ಮಾಂಸದ ಡಬ್ಬಿಯನ್ನು ತೆರೆದವರ ಕಡೆಗೆ ಮೂಗು ಮುಚ್ಚಿಕೊಳ್ಳುವ ಚೇಷ್ಟೆ, ಇವು ಯಾವ ಪರೀಕ್ಷಕ ತಂತ್ರಾಂಶಕ್ಕೂ ಸಿಕ್ಕುವಂಥವಲ್ಲ. ನಮ್ಮವರು ಹಡಗು ಹತ್ತಿ ಹೋದಲ್ಲಿಗೆಲ್ಲ ಈ ಜಾತಿಯ ಗೀಳೂ ಹೋಗಿದೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ಜಾತಿಯ ಆಧಾರದ ಭೇದವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವೆನಿಸಿದಾಗ, ಅದಕ್ಕೆ ಕಾರಣವಾದ ದೂರುಗಳಲ್ಲಿ ತಂತ್ರಜ್ಞಾನದ ಕಚೇರಿಗಳ ಮಾತೂ ಇತ್ತು. ಆದಕಾರಣ ಸಂಸ್ಥೆಯ ನಡವಳಿಕೆಯ ನಿಯಮಾವಳಿಯಲ್ಲಿ ವರ್ಣ, ಲಿಂಗ, ಮತಗಳ ಜೊತೆಗೆ ‘ಜಾತಿ’ ಎಂಬ ಪದವನ್ನು ಸ್ಪಷ್ಟವಾಗಿ ಅಚ್ಚುಹಾಕಿಸುವುದು ಮೊದಲ ಹೆಜ್ಜೆ. ಉಳಿದದ್ದು ಸಂಯಮದ ಮಾತು: ಸಹೋದ್ಯೋಗಿಯು ತಾನಾಗಿ ಹೇಳಿದ್ದಕ್ಕಿಂತ ಹೆಚ್ಚಿಗೆ ಅವರ ಕುಲಮೂಲವನ್ನು ಕೆದಕಬಾರದು.

ಸ್ತ್ರೀಪುರುಷ ಭೇದದ ಮಾತುಗಳನ್ನು ಕುರಿತು ಈಗಾಗಲೇ ಸಾಕಷ್ಟು ಬರಹ ಬಂದಿದೆ. ತುಂಬಿದ ಸಭೆಗೆ ‘ಗೈಸ್’ ಎನ್ನುವುದರ ಬದಲು ‘ಎಲ್ಲರಿಗೂ ನಮಸ್ಕಾರ’ ಎನ್ನಬಹುದು, ‘ಮ್ಯಾನ್ ಅವರ್’ ಎಂಬುದನ್ನು ‘ದುಡಿಮೆಯ ಗಂಟೆ’ ಎನ್ನಬಹುದು, ಅಪರಿಚಿತ ಗ್ರಾಹಕರಿಗೆ ‘ಡಿಯರ್ ಸರ್’ ಎಂದು ಆರಂಭಿಸದಿರಬಹುದು. ಇವೆಲ್ಲ ಅಭ್ಯಾಸಬಲದ ಸಂಗತಿಗಳು. ಉದ್ಯೋಗದ ಜಾಹೀರಾತಿಗೆ ಮಾತ್ರ ಹೆಚ್ಚಿನ ಗಮನ ಸಲ್ಲಬೇಕು. ಪೈಪೋಟಿ, ಪ್ರಾಬಲ್ಯ ಮುಂತಾದ ಗಂಡುಧಾಟಿಯ ಪದಗಳು ತುಂಬಿದ ಜಾಹೀರಾತುಗಳು ಸ್ತ್ರೀಯರಿಗೆ ಅನಾಕರ್ಷಕವಾಗಿ ಕಾಣುತ್ತವೆ, ಯೋಗ್ಯತೆಯ ಅಭಾವದಿಂದಲ್ಲ, ಇದು ನನ್ನ ಸ್ಥಳವಲ್ಲವೆಂಬ ಭಾವನೆಯಿಂದ ಎಂದು ಡೇನಿಯೆಲ್ ಗೌಷೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದೆ. ‘ಕೋಡಿಂಗ್ ನಿಂಜಾ ಬೇಕಾಗಿದ್ದಾನೆ’ ಎಂದು ಬರೆಯುವವರು ಇದನ್ನು ಲಕ್ಷಿಸಬೇಕು. ಕನ್ನಡದಲ್ಲಿ ಆ್ಯಪುಗಳನ್ನು ಸಿದ್ಧಪಡಿಸುವವರಿಗೆ ಇನ್ನೊಂದು ಕಿವಿಮಾತು: ನಮ್ಮ ಕ್ರಿಯಾಪದವು ಲಿಂಗವನ್ನು ಬಾಲದಲ್ಲಿ ಹೊತ್ತು ನಡೆಯುವುದರಿಂದ, ‘ಸಂದೇಶ ಕಳುಹಿಸಿದ್ದಾನೆ’ ಎಂದು ಯಂತ್ರಾನುವಾದವು ಕೊಟ್ಟ ವಾಕ್ಯವನ್ನು ಹಾಗೆಯೇ ಬಿಡಬಾರದು, ‘ಕಳುಹಿಸಿದ್ದಾರೆ’ ಎಂದರೆ ಗೌರವವೂ ಉಳಿಯಿತು, ಹೆಣ್ಣು ಗಂಡು ಎಂಬ ಊಹೆಯೂ ತಪ್ಪಿತು. 2014ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿದ ಮೇಲೆ, ‘ಶ್ರೀ’, ‘ಶ್ರೀಮತಿ’, ‘ಕುಮಾರಿ’ಗಳಲ್ಲಿ ಒಂದನ್ನು ಆರಿಸದ ಹೊರತು ಮುಂದಕ್ಕೆ ಬಿಡದ ನಮೂನೆಯು ಹಳತಾಯಿತೆಂದೇ ತಿಳಿಯಬೇಕು.

ಅಂಗವೈಕಲ್ಯದ ವಿಷಯದಲ್ಲಿ ಎರಡು ಬಗೆಯ ಪ್ರಮಾದಗಳಿವೆ: ಒಂದು ತುಚ್ಛೀಕರಿಸುವುದು, ಇನ್ನೊಂದು ಪೂಜಿಸುವುದು. ‘ಕುರುಡನಿಗೂ ಕಾಣುವ ಬಗ್’, ‘ಕಿವುಡ ಮೇನೇಜರ್’, ‘ನನಗೆ ಸ್ವಲ್ಪ ಓಸಿಡಿ’ ಎಂಬ ಮಾತುಗಳು ಮೊದಲನೆಯದಕ್ಕೆ ಸೇರಿದವು. 2024ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಲನಚಿತ್ರಗಳಲ್ಲಿ ಅಂಗವಿಕಲರ ಚಿತ್ರಣವನ್ನು ಕುರಿತ ಮೊಕದ್ದಮೆಯೊಂದರಲ್ಲಿ, ಹೀಗಳೆಯುವ ಪದಗಳು ಭೇದಭಾವಕ್ಕೆ ನೀರೆರೆಯುತ್ತವೆಂದು ಎಚ್ಚರಿಸಿತು. ಎರಡನೆಯದು ಸೂಕ್ಷ್ಮವಾದದ್ದು. 2015ರ ಕೊನೆಯಿಂದ ಪ್ರಧಾನಿಯವರ ಸೂಚನೆಯಂತೆ ಪ್ರಚಾರಕ್ಕೆ ಬಂದ ‘ದಿವ್ಯಾಂಗ’ ಎಂಬ ಪದವನ್ನು, ದೈವತ್ವವನ್ನು ಹೊರಿಸಿ ಹಕ್ಕನ್ನು ಮರೆಸುವ ಪದವೆಂದು ಹಲವು ಅಂಗವಿಕಲ ಸಂಘಟನೆಗಳು ಆಕ್ಷೇಪಿಸಿದವು; ಕರ್ನಾಟಕ ಸರ್ಕಾರದ ಇಲಾಖೆಯು ‘ವಿಕಲಚೇತನ’ ಎಂಬುದನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ, ಅದನ್ನು ಒಪ್ಪದವರೂ ಇದ್ದಾರೆ. ಈ ವಾದವನ್ನು ಕಚೇರಿಯಲ್ಲಿ ಕುಳಿತು ನಾವು ತೀರ್ಮಾನಿಸಬೇಕಾಗಿಲ್ಲ. ಯಾರನ್ನು ಕುರಿತು ಮಾತನಾಡುತ್ತೇವೆಯೋ ಅವರು ತಮ್ಮನ್ನು ಹೇಗೆ ಹೇಳಿಕೊಳ್ಳುತ್ತಾರೋ ಹಾಗೆ ಹೇಳಿದರೆ ತೀರಿತು. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿದ್ದರೆ 2016ರ ಕಾನೂನು ಇಪ್ಪತ್ತೊಂದನ್ನು ಗುರುತಿಸಿದೆ. ಅವುಗಳಲ್ಲಿ ಹಲವು ಕಣ್ಣಿಗೆ ಕಾಣುವಂಥವಲ್ಲ, ಆದುದರಿಂದ ‘ನಮ್ಮ ತಂಡದಲ್ಲಿ ಅಂಥವರಾರೂ ಇಲ್ಲ’ ಎಂಬ ಮಾತನ್ನು ಯಾವ ಮುಖ್ಯಸ್ಥನೂ ಧೈರ್ಯವಾಗಿ ಹೇಳಲಾರನು.

ಇಲ್ಲಿಯೇ ಕೈಪಿಡಿಗಳನ್ನು ಬರೆಯುವವರಿಗೆ ಒಂದು ವಿಧಾಯಕ ಸೂಚನೆ ಉಂಟು. ‘ಬಲಗಡೆಯ ಹಸಿರು ಗುಂಡಿಯನ್ನು ಒತ್ತಿ’ ಎಂಬ ವಾಕ್ಯವು ಬಣ್ಣಗಳ ಭೇದ ತಿಳಿಯದವರಿಗೂ, ಪರದೆಯ ಮೇಲಿನದನ್ನು ಯಂತ್ರದ ದನಿಯಲ್ಲಿ ಕೇಳಿಸಿಕೊಳ್ಳುವವರಿಗೂ ನಿರರ್ಥಕ. ‘ಉಳಿಸಿ ಎಂಬ ಗುಂಡಿಯನ್ನು ಒತ್ತಿ’ ಎಂದರೆ ಎಲ್ಲರಿಗೂ ಸಾಕು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ 1999ರಲ್ಲಿ ಮೊದಲು ಪ್ರಕಟಿಸಿ 2008ರಲ್ಲಿ ಹೊಸದಾಗಿ ಬರೆದ ಸುಗಮತೆಯ ಮಾರ್ಗಸೂಚಿಯು ಇದನ್ನು ನಿಯಮವನ್ನಾಗಿಯೇ ಮಾಡಿದೆ. ಕೊಂಡಿಗಳಿಗೆ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆಯುವ ಬದಲು ‘ರಜೆಯ ಅರ್ಜಿ’ ಎಂದೇ ಬರೆಯುವುದೂ ಇದೇ ಬಗೆಯ ಸೌಜನ್ಯ.

ನಮ್ಮ ಕಚೇರಿಗಳಲ್ಲಿ ಮಾತು ಅತ್ಯಂತ ಕ್ರೂರವಾಗುವುದು ಸಂಬೋಧನೆಯಲ್ಲಿ ಎಂದು ನಾನು ಬಗೆದಿದ್ದೇನೆ. ಇಪ್ಪತ್ತೆಂಟು ವರ್ಷದ ಟೀಮ್ ಲೀಡಿಗೆ ‘ಸಾರ್’ ಎನ್ನುವ ಬಾಯಿಯೇ ಐವತ್ತು ದಾಟಿದ, ಮನೆಯಲ್ಲಿ ಮೊಮ್ಮಕ್ಕಳಿರುವ ಮನುಷ್ಯನನ್ನು ‘ಆಫೀಸ್ ಬಾಯ್’ ಎಂದು ಕೂಗುತ್ತದೆ. ‘ಲೋ, ಎರಡು ಟೀ ತಾರೋ’ ಎನ್ನುತ್ತದೆ. ಹೌಸ್‌ಕೀಪಿಂಗಿನ ಹೆಂಗಸರಿಗೆ, ಗೇಟಿನ ಕಾವಲುಗಾರನಿಗೆ, ರಾತ್ರಿ ಪಾಳಿಯ ಕ್ಯಾಬ್ ಚಾಲಕನಿಗೆ ಸಲ್ಲುವುದು ಬಹುಮಟ್ಟಿಗೆ ಏಕವಚನ. ಅವರೆಲ್ಲ ಗುತ್ತಿಗೆಯವರು, ಕಂಪನಿಯ ನೌಕರರಲ್ಲ, ಆದ್ದರಿಂದ ಒಳಗೊಳ್ಳುವಿಕೆಯ ತರಬೇತಿಯ ಲೆಕ್ಕದಲ್ಲಿಯೂ ಅವರಿಲ್ಲ! ಇಲ್ಲಿ ಹೊಸ ಪದವನ್ನು ಎಲ್ಲಿಂದಲೂ ಆಮದು ಮಾಡಿಕೊಳ್ಳಬೇಕಾಗಿಲ್ಲ. ‘ನೀವು’ ಎನ್ನುವುದು, ಹೆಸರು ಕೇಳಿಕೊಂಡು ‘ರಾಮಣ್ಣನವರೇ’, ‘ಲಕ್ಷ್ಮಮ್ಮನವರೇ’ ಎನ್ನುವುದು, ‘ಅಣ್ಣಾ’, ‘ಅಕ್ಕಾ’ ಎನ್ನುವುದು, ಇದಿಷ್ಟು ಕನ್ನಡದಲ್ಲಿ ಹುಟ್ಟಿದವರಿಗೆಲ್ಲ ಮನೆಯಲ್ಲಿಯೇ ಬಂದ ವಿದ್ಯೆ; ಕಚೇರಿಯ ಬಾಗಿಲಲ್ಲಿ ಅದನ್ನು ಕಳಚಿಡದಿದ್ದರೆ ಸಾಕು. ಮನುಷ್ಯರನ್ನು ‘ರಿಸೋರ್ಸ್’ ಎನ್ನುವ ಚಾಳಿಯೂ ಹೋಗಬೇಕಾದದ್ದೇ: ‘ಎರಡು ರಿಸೋರ್ಸ್ ಕೊಡಿ’ ಎಂದು ಕೇಳುವಾಗ ಮಾತನಾಡುತ್ತಿರುವುದು ಕುರ್ಚಿಗಳನ್ನು ಕುರಿತೋ ಜನರನ್ನು ಕುರಿತೋ ತಿಳಿಯುವುದಿಲ್ಲ.

ಸಭೆಯಲ್ಲಿ ಯಾವ ಭಾಷೆ ಎಂಬ ಪ್ರಶ್ನೆಗೂ ಇದಕ್ಕೂ ಸಮೀಪ ಸಂಬಂಧ. ಇಂಗ್ಲಿಷಿನಲ್ಲಿ ಆರಂಭವಾದ ಚರ್ಚೆಯು ಕಾವೇರಿದಂತೆ ಹಿಂದಿಗೋ ತೆಲುಗಿಗೋ ಕನ್ನಡಕ್ಕೋ ಜಾರಿ, ಮುಖ್ಯವಾದ ತೀರ್ಮಾನವು ಆ ಕೊನೆಯ ಹತ್ತು ನಿಮಿಷಗಳಲ್ಲಿಯೇ ಆಗಿ, ಇಂಫಾಲದಿಂದಲೋ ಕೊಚ್ಚಿಯಿಂದಲೋ ಬಂದ ಸಹೋದ್ಯೋಗಿಯು ಮುಗುಳ್ನಗುತ್ತ ಕುಳಿತಿರುವುದು ಸಾಮಾನ್ಯ ದೃಶ್ಯ. ಮೊಗಸಾಲೆಯಲ್ಲಿ ಕನ್ನಡ ಕೇಳಿದರೆ ನನಗೆ ಹಿತ; ಕನ್ನಡ ನಾಡಿನ ಕಚೇರಿಯಲ್ಲಿ ಅದು ಇನ್ನಷ್ಟು ಕೇಳಿಸಲಿ ಎಂಬುದೂ ನನ್ನ ಆಸೆ. ಆದರೆ ತೀರ್ಮಾನವು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಆಗಬೇಕು; ಆಗದಿದ್ದರೆ, ಅದೇ ದಿನ ಆ ಭಾಷೆಯಲ್ಲಿ ಬರೆದು ಎಲ್ಲರಿಗೂ ಕಳುಹಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನು ಇಂಗ್ಲಿಷಿನಲ್ಲಿ ಒಂದು ಉಚ್ಚಾರಣೆಯನ್ನು ತಪ್ಪಿದಾಗ ‘ಹಳ್ಳಿ ಗುಗ್ಗು’ ಎಂದು ನಕ್ಕರೆ, ಮುಂದಿನ ಆರು ತಿಂಗಳು ಆತನು ಸಭೆಯಲ್ಲಿ ಬಾಯಿ ತೆರೆಯುವುದಿಲ್ಲ. ತಂಡವು ಅವನಿಗೆ ಕೊಡುವ ಸಂಬಳದಲ್ಲಿ ಅರ್ಧವನ್ನು ತಾನೇ ವ್ಯರ್ಥಮಾಡಿಕೊಂಡಂತಾಯಿತು.

ಮಾತು ಬದಲಾದರೆ ಬಾಳು ಬದಲಾದೀತೆ ಎಂದು ಕೇಳುವವರಿದ್ದಾರೆ. ಅವರ ಸಂಶಯವು ನಿರಾಧಾರವಲ್ಲ. ಶಾಖೆಯ ಹೆಸರನ್ನು ಒಂದು ವಾರದಲ್ಲಿ ಬದಲಿಸಿ, ಬಡ್ತಿಯ ಪಟ್ಟಿಯನ್ನು ಹತ್ತು ವರ್ಷಗಳಾದರೂ ಬದಲಿಸದ ಸಂಸ್ಥೆಗಳು ಉಂಟು, ಅವುಗಳಿಗೆ ಪದಶುದ್ಧಿಯು ಅಗ್ಗದ ಪ್ರಾಯಶ್ಚಿತ್ತ. ಆದರೆ ಬಡ್ತಿಯ ಪಟ್ಟಿ ಬದಲಾಗುವ ತನಕ ಜನರನ್ನು ಹಳೆಯ ಹೆಸರುಗಳಿಂದಲೇ ಕರೆಯುತ್ತಿರೋಣ ಎಂಬುದು ಆ ಸಂಶಯದಿಂದ ಹುಟ್ಟಬೇಕಾದ ನಿರ್ಣಯವಲ್ಲ.

ಕಡೆಯದಾಗಿ, ತಿದ್ದುವ ಮತ್ತು ತಿದ್ದಿಸಿಕೊಳ್ಳುವ ವಿಧಾನ. ಸಹೋದ್ಯೋಗಿಯ ಮಾತಿನಲ್ಲಿ ದೋಷ ಕಂಡರೆ, ಅದು ಕೋಡಿನಲ್ಲಿದ್ದಾಗ ರಿವ್ಯೂನಲ್ಲಿ ಬದಲಿ ಪದವನ್ನೇ ಬರೆದು ಸೂಚಿಸಬೇಕು. ‘ಈ ಪದ ತಪ್ಪು’ ಎಂದಷ್ಟೇ ಬರೆದು ಬಿಟ್ಟರೆ ಓದುವವರಿಗೆ ಮುಖಭಂಗವಾಯಿತೇ ಹೊರತು ಉಪಕಾರವಾಗಲಿಲ್ಲ. ಬಾಯಿಮಾತಿನಲ್ಲಿದ್ದಾಗ ಸಭೆ ಮುಗಿದ ಮೇಲೆ ಏಕಾಂತದಲ್ಲಿ ಹೇಳುವುದು ಲೇಸು. ಆ ಮಾತಿನಿಂದ ಯಾರಿಗಾದರೂ ಆ ಕ್ಷಣವೇ ಘಾಸಿಯಾಗಿದ್ದರೆ ಮಾತ್ರ ಅಲ್ಲಿಯೇ ತಡೆಯಬೇಕು, ಹಾಗೆ ತಡೆಯುವ ಹೊಣೆಯು ಘಾಸಿಗೊಂಡವರದ್ದಲ್ಲ, ಸಭೆಯಲ್ಲಿ ಮೇಲಿನ ಸ್ಥಾನದಲ್ಲಿ ಕುಳಿತಿರುವವರದ್ದು. ತಿದ್ದಿಸಿಕೊಂಡವರು ತಮ್ಮ ಉದ್ದೇಶ ಒಳ್ಳೆಯದಾಗಿತ್ತೆಂದು ವಿವರಿಸಲು ಹೊರಟರೆ, ನೊಂದವರೇ ಕಡೆಗೆ ಅವರನ್ನು ಸಮಾಧಾನಪಡಿಸಬೇಕಾದ ವಿಪರೀತ ಒದಗುತ್ತದೆ. ಆದ್ದರಿಂದ ‘ತಪ್ಪಾಯಿತು, ತಿದ್ದಿಕೊಳ್ಳುತ್ತೇನೆ’ ಎಂದು ಒಂದೇ ಮಾತಿನಲ್ಲಿ ಹೇಳಿ, ಸರಿಯಾದ ಪದವನ್ನು ಬಳಸಿ, ಸಭೆಯ ಮುಂದಿನ ವಿಷಯಕ್ಕೆ ಹೋಗತಕ್ಕದ್ದು.